ಆಗುತ್ತದೆ, ಸರಿ, ಆದರೆ ಮಾಡಬಹುದೇ?

ರಕ್ತಕ್ಕೆ ಸಂಸ್ಕೃತದಲ್ಲಿ ಹಲವು ಹೆಸರುಗಳಿವೆ. ರುಧಿರ, ಶೋಣಿತ, ಲೋಹಿತ, ಅಸೃಜ್. ಇವುಗಳಲ್ಲಿ ಎರಡು ಹೆಸರು ಇಂದು ಜಗತ್ತಿನ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿವೆ. ‘ರುಧಿರ’ ಒಂದು ಜೀನ್‌ನ ಹೆಸರು, ‘ಅಸೃಜ್’ ಇನ್ನೊಂದರದು. ರಕ್ತ ಮತ್ತು ರಕ್ತನಾಳಗಳು ರೂಪುಗೊಳ್ಳುವುದರಲ್ಲಿ ಇವೆರಡಕ್ಕೂ ಪಾತ್ರವಿದೆ. ಇವನ್ನು ಗುರುತಿಸಿ ಈ ಹೆಸರಿಟ್ಟದ್ದು ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಒಂದು ಪ್ರಯೋಗಾಲಯ. ಅದನ್ನು ಕಟ್ಟಿ ಬೆಳೆಸಿದವರು ಪ್ರೊ. ಮನೀಷಾ ಇನಾಮದಾರ್.

ಅವರ ಹೆಸರು ಇನ್ನೊಂದು ಕಡೆಯೂ ಕಾಣಿಸುತ್ತದೆ. ಮನುಷ್ಯರ ಜೀನ್‌ಗಳನ್ನು ತಿದ್ದುವ ವಿದ್ಯೆಗೆ ಕಡಿವಾಣ ಹೇಗಿರಬೇಕು ಎಂದು ಹೇಳಲು ವಿಶ್ವ ಆರೋಗ್ಯ ಸಂಸ್ಥೆ 18 ಜನರ ಸಮಿತಿಯೊಂದನ್ನು ಮಾಡಿತ್ತು. ಅದರಲ್ಲಿ ಇನಾಮದಾರ್ ಒಬ್ಬರು. ಪ್ರಯೋಗಾಲಯದಲ್ಲಿ ‘ಇದು ಆಗುತ್ತದೆಯೇ?’ ಎಂದು ಕೇಳುವವರು ಅಲ್ಲಿ ಕುಳಿತು ‘ಇದನ್ನು ಮಾಡಬಹುದೇ?’ ಎಂದು ಕೇಳಿದರು. ಈ ಎರಡನೆಯ ಪ್ರಶ್ನೆಯ ಶಾಸ್ತ್ರಕ್ಕೆ ಜೈವಿಕ ನೀತಿ ಎಂದು ಹೆಸರು.

ನಾನು ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಎಪ್ಪತ್ತು ದಾಟಿದವನಿಗೆ ಈ ಜೀನು, ಜೀವಕೋಶಗಳ ಗೊಡವೆ ಏಕೆ ಎಂದು ನೀವು ಕೇಳಬಹುದು. ಹಲಸೂರಿನಲ್ಲಿ ನಮ್ಮ ಮನೆಯ ಪಕ್ಕದ ವಠಾರದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದಾನೆ. ಅವನಿಗೆ ಸ್ನಾಯುಕ್ಷಯ. ಒಂದು ಸಂಜೆ ಅವನ ತಾಯಿ ಬಣ್ಣದ ಕರಪತ್ರವೊಂದನ್ನು ಹಿಡಿದು ಬಂದು, ‘ಅಂಕಲ್, ಸ್ಟೆಮ್ ಸೆಲ್ ಹಾಕಿಸಿದ್ರೆ ಇವನು ಮೊದಲಿನ ಹಾಗೆ ಓಡಾಡ್ತಾನಂತೆ. ನಿಜಾನಾ?’ ಎಂದು ಕೇಳಿದರು. ಆ ಪ್ರಶ್ನೆಯ ಬೆನ್ನು ಹಿಡಿದು ಓದುತ್ತಾ ಹೋದಾಗ ನನಗೆ ಸಿಕ್ಕಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕರಪತ್ರದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಸ್ಟೆಮ್ ಸೆಲ್ ಎಂದರೆ ಏನೆಂದು ತಿಳಿಯೋಣ.

ರಕ್ತಬೀಜಾಸುರನ ಪಾಠ

ಸ್ಟೆಮ್ ಸೆಲ್‌ಗೆ ಕನ್ನಡದಲ್ಲಿ ಆಕರಕೋಶ ಎನ್ನುತ್ತಾರೆ. ನಮ್ಮ ದೇಹದ ಬಹುಪಾಲು ಜೀವಕೋಶಗಳು ಒಂದೊಂದು ಕೆಲಸಕ್ಕೆ ನೇಮಕವಾದ ನೌಕರರಿದ್ದಂತೆ. ಚರ್ಮದ ಕೋಶ ಚರ್ಮದ ಕೆಲಸ ಮಾಡುತ್ತದೆ, ನರದ ಕೋಶ ನರದ ಕೆಲಸ. ಆಕರಕೋಶಕ್ಕೆ ಇನ್ನೂ ಹುದ್ದೆ ಗೊತ್ತಾಗಿರುವುದಿಲ್ಲ. ಅದಕ್ಕೆ ಎರಡು ಶಕ್ತಿಗಳಿವೆ. ತನ್ನಂತಹುದೇ ಇನ್ನೊಂದನ್ನು ಹುಟ್ಟಿಸಬಲ್ಲದು. ಬೇಕಾದಾಗ ಬೇರೆ ಬಗೆಯ ಕೋಶವಾಗಿ ಬದಲಾಗಬಲ್ಲದು.

ನಮ್ಮ ಮೂಳೆಗಳ ಒಳಗಿರುವ ಮಜ್ಜೆಯಲ್ಲಿ ಇಂತಹ ಆಕರಕೋಶಗಳಿವೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ ಮಾತ್ರ. ಆದ್ದರಿಂದ ದೇಹ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕೆಂಪುಕಣಗಳನ್ನು ತಯಾರಿಸುತ್ತಿರಬೇಕು. ಈ ವಾಕ್ಯ ಓದಿ ಮುಗಿಸುವುದರೊಳಗೆ ನಿಮ್ಮ ಮೈಯಲ್ಲಿ ಒಂದು ಕೋಟಿ ಕಣಗಳು ಹುಟ್ಟಿರುತ್ತವೆ. ಮಜ್ಜೆಯಲ್ಲಿ ಇಂತಹ ಮೂಲಕೋಶಗಳಿವೆ ಎಂದು 1961ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟವರು ಕೆನಡಾದ ಟೊರಾಂಟೊ ನಗರದ ಟಿಲ್ ಮತ್ತು ಮೆಕಲಕ್.

ಮಜ್ಜೆಯ ಆಕರಕೋಶ ರಕ್ತಕ್ಕೆ ಮಾತ್ರ ಮೂಲ. ಭ್ರೂಣದ ಮೊದಲ ಕೆಲವು ದಿನಗಳಲ್ಲಿರುವ ಕೋಶಗಳು ಅದಕ್ಕಿಂತ ಸಮರ್ಥ. ಅವು ದೇಹದ ಯಾವ ಭಾಗವಾದರೂ ಆಗಬಲ್ಲವು. ಮನುಷ್ಯ ಭ್ರೂಣದಿಂದ ಇವನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದು 1998ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್.

ಮಕ್ಕಳೇ, ಯಕ್ಷಗಾನದ ‘ದೇವಿ ಮಹಾತ್ಮೆ’ ನೋಡಿದ್ದರೆ ನಿಮಗೆ ರಕ್ತಬೀಜಾಸುರ ನೆನಪಿರಬಹುದು. ಅವನ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಇನ್ನೊಬ್ಬ ರಕ್ತಬೀಜ ಎದ್ದು ನಿಲ್ಲುತ್ತಾನೆ. ಆಕರಕೋಶದ ಶಕ್ತಿಯೂ ಅಂತಹುದೇ, ಅದರ ಅಪಾಯವೂ ಅಂತಹುದೇ. ಭ್ರೂಣದ ಆಕರಕೋಶಗಳನ್ನು ಹಾಗೆಯೇ ಇಲಿಯ ಮೈಗೆ ಚುಚ್ಚಿದರೆ ಅವು ಹದ್ದುಬಸ್ತಿಲ್ಲದೆ ಬೆಳೆದು ಗಡ್ಡೆಯಾಗುತ್ತವೆ. ಇಂತಹ ಗಡ್ಡೆಯ ಒಳಗೆ ಮೂಳೆ, ಸ್ನಾಯು, ಚರ್ಮದ ಚೂರುಗಳು ಕಲಸುಮೇಲೋಗರವಾಗಿ ಬೆಳೆದಿರುತ್ತವೆ. ಆದ್ದರಿಂದ ‘ಆಕರಕೋಶ ಹಾಕಿದರೆ ಒಳ್ಳೆಯದಾದೀತು, ಇಲ್ಲದಿದ್ದರೆ ನಷ್ಟವೇನಿಲ್ಲ’ ಎಂಬ ಮಾತು ಸುಳ್ಳು. ಶಕ್ತಿಯಿರುವ ವಸ್ತುವಿನಿಂದ ಹಾನಿಯೂ ಆಗಬಹುದು.

ಬಿಸಾಡಬೇಕಿದ್ದ ಭ್ರೂಣಗಳು

ಇನಾಮದಾರ್ ಅವರ ಸಂಶೋಧನೆ ಶುರುವಾದದ್ದು ರಕ್ತದಿಂದಲ್ಲ, ನೊಣದಿಂದ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅವರು ಬಾಳೆಹಣ್ಣಿನ ಮೇಲೆ ಮುತ್ತುವ ಪುಟ್ಟ ಹಣ್ಣುನೊಣಗಳನ್ನು ಇಟ್ಟುಕೊಂಡು, ಅವುಗಳ ರುಚಿ ತಿಳಿಯುವ ಗುಣಕ್ಕೂ ಒಂದು ಜೀನ್‌ಗೂ ಇರುವ ಸಂಬಂಧವನ್ನು ಹುಡುಕಿದರು. ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ಮುಂದಾಳತ್ವದಲ್ಲಿ 1989ರಲ್ಲಿ ಆರಂಭವಾದ ಸಂಸ್ಥೆ ಅದು. ಅಲ್ಲಿ ಅವರ ತಂಡ ನೊಣ, ಇಲಿ, ಮನುಷ್ಯ ಈ ಮೂರೂ ಜೀವಿಗಳ ಕೋಶಗಳಲ್ಲಿ ರಕ್ತ ಹೇಗೆ ಹುಟ್ಟುತ್ತದೆ ಎಂದು ನೋಡತೊಡಗಿತು. ನೊಣಕ್ಕೂ ನಮಗೂ ರಕ್ತದ ಬಣ್ಣ ಬೇರೆ, ಆದರೆ ‘ಅಸೃಜ್’ ಜೀನ್ ಇಬ್ಬರಲ್ಲೂ ಇದೆ. ಆಕರಕೋಶವು ಅವಸರಪಟ್ಟು ಬೇರೆ ಕೋಶವಾಗಿಬಿಡದಂತೆ ಅದು ತಡೆದು ನಿಲ್ಲಿಸುತ್ತದೆ.

ಮನುಷ್ಯರ ಕೋಶಗಳ ಮೇಲೆ ಕೆಲಸ ಮಾಡಲು ಮನುಷ್ಯ ಭ್ರೂಣದ ಆಕರಕೋಶಗಳು ಬೇಕು. ಅವು ಎಲ್ಲಿಂದ ಬರಬೇಕು? ಜೈವಿಕ ನೀತಿಯ ಪ್ರಶ್ನೆ ಶುರುವಾಗುವುದೇ ಇಲ್ಲಿ. ಭ್ರೂಣವನ್ನು ಕೆಲವರು ಪೂರ್ಣ ಜೀವ ಎನ್ನುತ್ತಾರೆ, ಕೆಲವರು ಇನ್ನೂ ಜೀವವಾಗಬೇಕಾದ ಕೋಶಗಳ ಮುದ್ದೆ ಎನ್ನುತ್ತಾರೆ. ಈ ವಾದ ಅಮೆರಿಕದಲ್ಲಿ ಎಷ್ಟು ಬಿಸಿಯಾಯಿತೆಂದರೆ, 2001ರ ಆಗಸ್ಟ್ 9ರಂದು ಅಧ್ಯಕ್ಷ ಜಾರ್ಜ್ ಬುಷ್ ಟಿವಿಯಲ್ಲಿ ಬಂದು, ಆ ದಿನಕ್ಕೆ ಮೊದಲೇ ತಯಾರಾಗಿರುವ ಕೋಶಗಳ ಮೇಲಿನ ಸಂಶೋಧನೆಗೆ ಮಾತ್ರ ಕೇಂದ್ರ ಸರ್ಕಾರದ ಹಣ ಎಂದು ಘೋಷಿಸಿದರು. ಅಂತಹ ಕೋಶಗಳು ಜಗತ್ತಿನಲ್ಲಿ ಎಲ್ಲೆಲ್ಲಿವೆ ಎಂದು ಆಗ ಮಾಡಿದ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಹೆಸರೂ ಇತ್ತು.

ಇನಾಮದಾರ್ ಮತ್ತು ಸಂಗಡಿಗರು ಹಿಡಿದ ದಾರಿ ಹೀಗಿತ್ತು. ಮಕ್ಕಳಾಗದ ದಂಪತಿಗೆ ಪ್ರನಾಳ ಶಿಶು ಚಿಕಿತ್ಸೆ ಕೊಡುವಾಗ ಹಲವು ಭ್ರೂಣಗಳು ತಯಾರಾಗುತ್ತವೆ. ಅವುಗಳಲ್ಲಿ ಗುಣಮಟ್ಟ ತೀರ ಕಡಿಮೆಯಿರುವುದನ್ನು ಮೂರನೇ ದರ್ಜೆಯದು ಎನ್ನುತ್ತಾರೆ. ಅವನ್ನು ತಾಯಿಯ ಗರ್ಭಕ್ಕೆ ಸೇರಿಸುವುದಿಲ್ಲ, ಬಿಸಾಡುತ್ತಾರೆ. ಹಾಗೆ ಬಿಸಾಡಬೇಕಿದ್ದ ಭ್ರೂಣಗಳಿಂದಲೇ ಈ ತಂಡ ಎರಡು ಆಕರಕೋಶ ತಳಿಗಳನ್ನು ಬೆಳೆಸಿತು. ‘ಬಿಜೆಎನ್‌ಹೆಮ್19’ ಮತ್ತು ‘ಬಿಜೆಎನ್‌ಹೆಮ್20’ ಎಂದು ಅವುಗಳ ಹೆಸರು. ಒಂದೇ ತಂದೆತಾಯಿಯ ಭ್ರೂಣಗಳಿಂದ ಬಂದದ್ದರಿಂದ ಇವು ಒಡಹುಟ್ಟಿದ ತಳಿಗಳು. 2009ರಲ್ಲಿ ಇದರ ವಿವರ ಪ್ರಕಟವಾಯಿತು. ಮಗುವಾಗಲು ಸಾಧ್ಯವಿದ್ದ ಭ್ರೂಣವನ್ನು ಮುಟ್ಟದೆಯೂ ಈ ಕೆಲಸ ಮಾಡಬಹುದೆಂದು ಅದು ತೋರಿಸಿತು.

ಇಂತಹ ಕೆಲಸಕ್ಕೆ ನಮ್ಮಲ್ಲಿ ನಿಯಮಗಳೂ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಜೈವಿಕ ತಂತ್ರಜ್ಞಾನ ಇಲಾಖೆಯೊಡನೆ ಸೇರಿ 2007ರಲ್ಲಿ ಮಾರ್ಗಸೂಚಿ ತಂದಿತು. ಅದು 2017ರಲ್ಲಿ ಪರಿಷ್ಕೃತವಾಯಿತು. ಭ್ರೂಣವನ್ನು 14 ದಿನಗಳಾಚೆ ಪ್ರಯೋಗಾಲಯದಲ್ಲಿ ಬೆಳೆಸಬಾರದು. ಮನುಷ್ಯರ ತದ್ರೂಪು ಸೃಷ್ಟಿ ಕೂಡದು. ದಾನಿಗಳ ಒಪ್ಪಿಗೆ ಕಡ್ಡಾಯ. ಸಂಸ್ಥೆಯೊಳಗೆ ಇದಕ್ಕೆಂದೇ ಸಮಿತಿ ಇರಬೇಕು.

ಈ 14 ದಿನದ ಲೆಕ್ಕ ಎಲ್ಲಿಂದ ಬಂತು? 1984ರಲ್ಲಿ ಬ್ರಿಟನ್ನಿನಲ್ಲಿ ಮೇರಿ ವಾರ್ನಾಕ್ ಎಂಬುವರ ನೇತೃತ್ವದ ಸಮಿತಿ ಹೇಳಿದ ಗಡಿ ಅದು. ಸುಮಾರು ಆ ಹೊತ್ತಿಗೆ ಭ್ರೂಣದಲ್ಲಿ ಒಂದು ಗೆರೆ ಮೂಡುತ್ತದೆ. ಅಲ್ಲಿಯವರೆಗೂ ಒಂದೇ ಭ್ರೂಣ ಎರಡಾಗಿ ಅವಳಿಯಾಗಬಹುದು, ಗೆರೆ ಮೂಡಿದ ಮೇಲೆ ಸಾಮಾನ್ಯವಾಗಿ ಹಾಗಾಗದು. ವಾರ್ನಾಕ್ ವಿಜ್ಞಾನಿಯಲ್ಲ, ತತ್ವಶಾಸ್ತ್ರ ಕಲಿಸುತ್ತಿದ್ದವರು. ಇಂತಹ ಗಡಿ ಎಳೆಯುವಾಗ ಬರೀ ವಿಜ್ಞಾನಿಗಳು ಕೂತರೆ ಸಾಲದು ಎಂಬ ರೂಢಿ ಆಗಿನಿಂದ ಗಟ್ಟಿಯಾಯಿತು.

ಹೆಬ್ಬೆಟ್ಟಿನ ಬೆಲೆ

ಒಪ್ಪಿಗೆ ಎಂಬ ಮಾತಿನ ಬಗ್ಗೆ ನನಗೆ ಸ್ವಲ್ಪ ಗೊತ್ತು. ನಾನು ಹಲವು ವರ್ಷ ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿಗೆ ಹತ್ತಿರದ ಶಾಖೆಯಲ್ಲಿ ಕೆಲಸ ಮಾಡಿದೆ. ನಮ್ಮ ಕೌಂಟರಿನ ಮುಂದೆ ತಮಿಳು, ಉರ್ದು, ಕನ್ನಡ, ತೆಲುಗು ನಾಲ್ಕೂ ಕೇಳಿಬರುತ್ತಿದ್ದವು. ಅರ್ಜಿಗಳು ಮಾತ್ರ ಇಂಗ್ಲಿಷಿನಲ್ಲಿ. ಓದು ಬಾರದವರ ಹೆಬ್ಬೆಟ್ಟು ತೆಗೆದುಕೊಳ್ಳುವ ಮೊದಲು ಬರೆದಿರುವುದನ್ನು ಅವರ ಭಾಷೆಯಲ್ಲಿ ಓದಿ ತಿಳಿಸಬೇಕು, ಸಾಕ್ಷಿ ಇರಬೇಕು ಎಂಬುದು ಬ್ಯಾಂಕಿನ ಕ್ರಮ.

ಒಮ್ಮೆ ಹೂ ಮಾರುವ ಅಜ್ಜಿಯೊಬ್ಬರು ಪಕ್ಕದ ಮನೆಯವರ ಜೊತೆ ಬಂದರು. ಶಾಯಿ ಹಚ್ಚಿದ ಬೆರಳನ್ನು ಆಗಲೇ ಮುಂದೆ ಚಾಚಿದ್ದರು. ನನಗೆ ಬರುವ ಅರೆಬರೆ ತಮಿಳಿನಲ್ಲಿ, ‘ಅಮ್ಮಾ, ಇದು ಜಾಮೀನು ಪತ್ರ. ಇವರು ಸಾಲ ಕಟ್ಟದಿದ್ದರೆ ನೀವು ಕಟ್ಟಬೇಕಾಗುತ್ತದೆ’ ಎಂದೆ. ಅಜ್ಜಿ ಬೆರಳನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿಗೆ ಒರೆಸಿಕೊಂಡರು. ‘ಸುಮ್ಮನೆ ಸಾಕ್ಷಿಗೆ ಅಂದಿದ್ದರು ಸಾಮಿ’ ಎಂದು ಹೇಳಿ ಎದ್ದು ಹೋದರು. ಬೇಡ ಎನ್ನುವುದಕ್ಕೆ ಜಾಗವಿದ್ದಾಗ ಮಾತ್ರ ಹೆಬ್ಬೆಟ್ಟಿಗೆ ಬೆಲೆ.

ವೈದ್ಯಕೀಯ ಸಂಶೋಧನೆ ಈ ಪಾಠವನ್ನು ಕಷ್ಟಪಟ್ಟು ಕಲಿತಿದೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ 31 ವರ್ಷದ ಕಪ್ಪು ಜನಾಂಗದ ತಾಯಿ ಗರ್ಭಕೊರಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಚಿಕಿತ್ಸೆಯ ಸಮಯದಲ್ಲಿ ಅವರನ್ನು ಕೇಳದೆಯೇ ತೆಗೆದ ಕೋಶಗಳು ಪ್ರಯೋಗಾಲಯದಲ್ಲಿ ಸಾಯದೆ ಬೆಳೆಯುತ್ತಲೇ ಹೋದವು. ‘ಹೀಲಾ’ ಎಂಬ ಹೆಸರಿನ ಆ ಕೋಶಗಳು ಪೋಲಿಯೊ ಲಸಿಕೆಯ ಕೆಲಸದಿಂದ ಹಿಡಿದು ಲೆಕ್ಕವಿಲ್ಲದಷ್ಟು ಸಂಶೋಧನೆಗೆ ನೆರವಾದವು, ಮಾರಾಟದ ಸರಕೂ ಆದವು. ಮನೆಯವರಿಗೆ ಇದು ತಿಳಿದದ್ದು 1970ರ ದಶಕದಲ್ಲಿ. ಕೋಶಗಳನ್ನು ಮಾರಿ ಲಾಭ ಮಾಡಿದ ಒಂದು ಕಂಪನಿಯೊಂದಿಗೆ ಅವರ ವಾರಸುದಾರರ ರಾಜಿಯಾದದ್ದು 2023ರಲ್ಲಿ. ಈ ಕೋಶಗಳಿಂದ ಜಗತ್ತಿಗೆ ಆದ ಉಪಕಾರ ದೊಡ್ಡದು. ಆದರೂ ಕೇಳದೆ ತೆಗೆದದ್ದು ಸರಿಯಾಗಿಬಿಡುವುದಿಲ್ಲ.

ಜಗತ್ತಿನ ಸಮಿತಿಯಲ್ಲಿ ಬೆಂಗಳೂರು

2018ರ ನವೆಂಬರಿನಲ್ಲಿ ಚೀನಾದ ಷೆನ್‌ಝೆನ್ ನಗರದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ ಜಗತ್ತನ್ನು ಬೆಚ್ಚಿಬೀಳಿಸಿದರು. ಭ್ರೂಣದ ಹಂತದಲ್ಲಿಯೇ ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ತಮ್ಮ ಪ್ರಯೋಗದಿಂದ ಹುಟ್ಟಿದ್ದಾರೆ ಎಂದರು. ಅವರು ಬಳಸಿದ್ದು 2012ರಲ್ಲಿ ಬೆಳಕಿಗೆ ಬಂದ ಕ್ರಿಸ್ಪರ್ ಎಂಬ ಜೀನ್ ಕತ್ತರಿಯನ್ನು. ಆ ಮಕ್ಕಳ ತಂದೆಗೆ ಎಚ್‌ಐವಿ ಸೋಂಕಿತ್ತು. ಮಕ್ಕಳಿಗೆ ಅದು ತಗಲದಿರಲಿ ಎಂದು ಹೀಗೆ ಮಾಡಿದೆ ಎಂಬುದು ಅವರ ಸಮರ್ಥನೆ. ಆದರೆ ಎಚ್‌ಐವಿ ಹರಡದಂತೆ ತಡೆಯಲು ಸುರಕ್ಷಿತವಾದ ಬೇರೆ ದಾರಿಗಳು ಆಗಲೇ ಇದ್ದವು. ಭ್ರೂಣದಲ್ಲಿ ಮಾಡಿದ ತಿದ್ದುಪಡಿ ಆ ಮಕ್ಕಳಿಗೆ ಮುಗಿಯುವುದಿಲ್ಲ. ಅವರ ಮಕ್ಕಳಿಗೂ ಮೊಮ್ಮಕ್ಕಳಿಗೂ ಹರಿಯಬಹುದು. ಹುಟ್ಟದಿರುವವರ ಒಪ್ಪಿಗೆ ಪಡೆಯುವವರು ಯಾರು? 2019ರ ಡಿಸೆಂಬರಿನಲ್ಲಿ ಚೀನಾದ ನ್ಯಾಯಾಲಯ ಅವರಿಗೆ 3 ವರ್ಷ ಸೆರೆವಾಸ ವಿಧಿಸಿತು.

ಈ ಪ್ರಕರಣದ ಬೆನ್ನಿಗೇ, 2018ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಾನು ಆರಂಭದಲ್ಲಿ ಹೇಳಿದ ಸಮಿತಿಯನ್ನು ರಚಿಸಿತು. ದಕ್ಷಿಣ ಆಫ್ರಿಕಾದ ನ್ಯಾಯಮೂರ್ತಿ ಎಡ್ವಿನ್ ಕ್ಯಾಮರೂನ್ ಮತ್ತು ಅಮೆರಿಕದ ವೈದ್ಯೆ ಮಾರ್ಗರೆಟ್ ಹ್ಯಾಂಬರ್ಗ್ ಅದರ ಸಹ ಅಧ್ಯಕ್ಷರು. ಕ್ಯಾಮರೂನ್ ಸ್ವತಃ ಎಚ್‌ಐವಿ ಸೋಂಕಿತರು. ಆ ವಿಷಯವನ್ನು ಬಹಿರಂಗವಾಗಿ ಹೇಳಿಕೊಂಡು ಬಾಳಿದವರು. ಸಮಿತಿಯ ವರದಿಗಳು 2021ರ ಜುಲೈನಲ್ಲಿ ಹೊರಬಂದವು. ಜೀನ್ ತಿದ್ದುವ ಪ್ರಯೋಗಗಳೆಲ್ಲ ಬಹಿರಂಗವಾಗಿ ನೋಂದಣಿಯಾಗಬೇಕು, ಅಕ್ರಮ ಪ್ರಯೋಗ ಕಂಡವರು ದೂರು ಕೊಡುವ ವ್ಯವಸ್ಥೆಯಾಗಬೇಕು, ಫಲ ಸಿಕ್ಕಾಗ ಅದು ಶ್ರೀಮಂತ ದೇಶಗಳಿಗೆ ಮಾತ್ರ ಸೇರಬಾರದು ಎಂಬಂಥ ಮಾತುಗಳು ಅವುಗಳಲ್ಲಿವೆ.

ಇಲ್ಲಿ ನನಗೆ ಹಿಡಿಸಿದ ಸಂಗತಿಯೊಂದಿದೆ. ಜೈವಿಕ ನೀತಿ ಎಂದರೆ ವಿಜ್ಞಾನಿಗಳ ಕೆಲಸಕ್ಕೆ ಹೊರಗಿನವರು ಬಂದು ಹಾಕುವ ಅಡ್ಡಗಾಲು ಎಂದು ಹಲವರು ತಿಳಿಯುತ್ತಾರೆ. ಆದರೆ ತಟ್ಟೆಯಲ್ಲಿ ಕೋಶ ಬೆಳೆಸಿ ಅದರ ಗುಣ, ಅವಗುಣ ಎರಡನ್ನೂ ಕಣ್ಣಾರೆ ಕಂಡವರೇ ಗಡಿ ಹಾಕುವ ಕಡೆಯೂ ಕುಳಿತರೆ ಆ ಗಡಿಗೆ ಅರ್ಥ ಬರುತ್ತದೆ. ಏನು ಆಗುತ್ತದೆ ಎಂದು ತಿಳಿದವರಿಗೆ ಏನು ಇನ್ನೂ ಆಗುವುದಿಲ್ಲ ಎಂಬುದೂ ತಿಳಿದಿರುತ್ತದೆ. ಕರಪತ್ರಗಳಲ್ಲಿ ಬಿಟ್ಟುಹೋಗುವುದು ಈ ಎರಡನೆಯದೇ.

ನಮ್ಮ ವಠಾರಕ್ಕೆ ಬಂದ ಕರಪತ್ರ

ಈಗ ಪಕ್ಕದ ಮನೆಯ ಹುಡುಗನ ವಿಷಯ. ಅವನಿಗಿರುವುದು ಡುಶೆನ್ ಎಂಬ ಬಗೆಯ ಸ್ನಾಯುಕ್ಷಯ. ಸ್ನಾಯುವನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ತಯಾರಿಸುವ ಜೀನ್‌ನಲ್ಲೇ ದೋಷ. ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ. ತಂದೆ ಆಟೊ ಓಡಿಸುತ್ತಾರೆ. ಕ್ಲಿನಿಕ್ ಕೇಳಿದ್ದು 4 ಲಕ್ಷ ರೂಪಾಯಿ. ತಾಯಿ ಒಡವೆ ಅಡವಿಡಲು ಆಗಲೇ ಮನಸ್ಸು ಮಾಡಿದ್ದರು.

ನಾನು ವೈದ್ಯನಲ್ಲ. ‘ಮಾಡಿಸಿ’, ‘ಬೇಡ’ ಎನ್ನುವ ಅಧಿಕಾರ ನನಗಿಲ್ಲ. ಆದರೆ ದುಡ್ಡು ಕಟ್ಟುವ ಮೊದಲು ಕಾಗದ ಓದುವುದು ನನ್ನ ಇಡೀ ಜೀವಮಾನದ ಕೆಲಸ. ಕರಪತ್ರದಲ್ಲಿ ಮಗುವಿನ ಸ್ವಂತ ಮಜ್ಜೆಯಿಂದಲೇ ಆಕರಕೋಶ ತೆಗೆದು ಅವನಿಗೇ ಚುಚ್ಚುವುದಾಗಿ ಇತ್ತು. ಪಿಯುಸಿ ವಿಜ್ಞಾನ ಓದುತ್ತಿರುವ ನನ್ನ ಮೊಮ್ಮಗಳು ಅದನ್ನು ನೋಡಿ, ‘ತಾತಾ, ಅವನ ಎಲ್ಲಾ ಜೀವಕೋಶದಲ್ಲೂ ಅದೇ ಜೀನ್ ಕೆಟ್ಟಿದೆ ಅಲ್ವಾ? ಹಾಗಾದ್ರೆ ಅವನದ್ದೇ ಸೆಲ್ ಹಾಕಿದ್ರೆ ಆ ಪ್ರೋಟೀನ್ ಎಲ್ಲಿಂದ ಬರುತ್ತೆ?’ ಎಂದು ಕೇಳಿದಳು.

ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಮಾಮೂಲು ಚಿಕಿತ್ಸೆಯಾಗಿ ಒಪ್ಪಿತವಾಗಿರುವುದು ಕೆಲವು ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ರಕ್ತದ ಆಕರಕೋಶ ಕಸಿ ಮಾತ್ರ. ಉಳಿದದ್ದೆಲ್ಲ ಪ್ರಯೋಗದ ಹಂತ. ಪ್ರಯೋಗ ಎಂದ ಮೇಲೆ ಅದು ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ, ಅಂದರೆ ಸಿಟಿಆರ್‌ಐನಲ್ಲಿ, ದಾಖಲಾಗಿರಬೇಕು. ನೀತಿ ಸಮಿತಿಯ ಒಪ್ಪಿಗೆ ಬೇಕು. ಮುಖ್ಯವಾಗಿ, ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ದುಡ್ಡು ಕೇಳುವಂತಿಲ್ಲ.

ತಂದೆತಾಯಿ ಇಬ್ಬರೂ ಪ್ರಶ್ನೆಗಳನ್ನು ಬರೆದುಕೊಂಡು ಹೋದರು. ನೋಂದಣಿ ಸಂಖ್ಯೆ ಏನು, ಸಮಿತಿಯ ಒಪ್ಪಿಗೆ ಪತ್ರ ಎಲ್ಲಿ, ದುಡ್ಡು ಏಕೆ, ತೊಂದರೆಯಾದರೆ ಹೊಣೆ ಯಾರದು. ಅಲ್ಲಿ ಉತ್ತರಗಳೆಲ್ಲ ಬಾಯಿಮಾತಿನಲ್ಲೇ ಬಂದವು, ಬರವಣಿಗೆಯಲ್ಲಿ ಒಂದೂ ಬರಲಿಲ್ಲ. ಈ ವಾರ ಕಟ್ಟಿದರೆ ರಿಯಾಯಿತಿ ಎಂದರಂತೆ. ಮನೆಗೆ ಬಂದ ಮೇಲೆ ಆ ತಂದೆ, ‘ಸಾರ್, ಔಷಧಕ್ಕೆ ಸೀರೆ ಅಂಗಡಿ ಥರ ಡಿಸ್ಕೌಂಟ್ ಇರುತ್ತಾ?’ ಎಂದು ಕೇಳಿದರು. ಒಡವೆ ಮನೆಯಲ್ಲೇ ಉಳಿಯಿತು.

ಹುಡುಗ ಓಡುತ್ತಿದ್ದಾನೆ ಎಂದು ನಾನು ಬರೆಯಲಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ನರರೋಗ ತಜ್ಞರು ಕೊಟ್ಟ ಸ್ಟೀರಾಯ್ಡ್ ಮಾತ್ರೆ ಮತ್ತು ವ್ಯಾಯಾಮ ನಡೆಯುತ್ತಿದೆ. ಉಳಿಸಿದ ದುಡ್ಡಿನಲ್ಲಿ ಸ್ವಲ್ಪ ಭಾಗ ಒಳ್ಳೆಯ ಗಾಲಿಕುರ್ಚಿಗೆ ಹೋಯಿತು. ಸಂಜೆ ಅವನನ್ನು ಹಲಸೂರು ಕೆರೆಯ ಕಡೆ ಸುತ್ತಾಡಿಸಿಕೊಂಡು ಬರುತ್ತಾರೆ. ತಾಯಿ ಈಗಲೂ ಪತ್ರಿಕೆಯಲ್ಲಿ ಹೊಸ ಔಷಧದ ಸುದ್ದಿ ಬಂದರೆ ಕತ್ತರಿಸಿ ತಂದು ಕೊಡುತ್ತಾರೆ. ಆಸೆ ಬಿಡಿ ಎಂದು ಯಾರೂ ಅವರಿಗೆ ಹೇಳಿಲ್ಲ, ಹೇಳಲೂಬಾರದು.

ಹೊಕ್ಕುಳಬಳ್ಳಿಯ ಖಾತೆ

ಕೆ.ಆರ್. ಪುರದಲ್ಲಿರುವ ನನ್ನ ಕಿರಿಯ ಮಗಳು ಬಸುರಿಯಾಗಿದ್ದಾಗ ಇನ್ನೊಂದು ಕರಪತ್ರ ಬಂತು. ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ‘ಬ್ಯಾಂಕಿ’ನಲ್ಲಿ ಇಡಿ, ಮುಂದೆ ಕಾಯಿಲೆ ಬಂದರೆ ಅದೇ ಮದ್ದು ಎಂದು. ಬ್ಯಾಂಕ್ ಎಂಬ ಪದ ಕಂಡರೆ ನನ್ನ ಕಿವಿ ನೆಟ್ಟಗಾಗುತ್ತದೆ. ಕಟ್ಟಿದ್ದು ಬೇಕಾದಾಗ ವಾಪಸು ಸಿಕ್ಕರೆ ತಾನೆ ಅದು ಠೇವಣಿ?

ಹೊಕ್ಕುಳಬಳ್ಳಿಯ ರಕ್ತದಲ್ಲಿ ಆಕರಕೋಶ ಇರುವುದು ನಿಜ. 1988ರಲ್ಲಿ ಪ್ಯಾರಿಸ್‌ನಲ್ಲಿ ಡಾ. ಎಲಿಯಾನ್ ಗ್ಲುಕ್‌ಮನ್ ಅವರು ಮೊದಲ ಬಾರಿಗೆ ಇದನ್ನು ಕಸಿ ಮಾಡಿ, ರಕ್ತದ ಅನುವಂಶಿಕ ಕಾಯಿಲೆಯಿದ್ದ ಬಾಲಕನೊಬ್ಬನನ್ನು ಉಳಿಸಿದರು. ಆದರೆ ಗಮನಿಸಿ, ಆ ರಕ್ತ ಅವನದಲ್ಲ. ಆಗತಾನೆ ಹುಟ್ಟಿದ ಅವನ ತಂಗಿಯದು. ಅನುವಂಶಿಕ ಕಾಯಿಲೆ ಇರುವ ಮಗುವಿನ ಸ್ವಂತ ರಕ್ತದಲ್ಲೂ ಅದೇ ದೋಷ ಇರುವುದರಿಂದ ಅದು ಉಪಯೋಗಕ್ಕೆ ಬಾರದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಕೊಟ್ಟ ಹೇಳಿಕೆಯ ಪ್ರಕಾರ, ಮಗುವಿಗೆ ತನ್ನದೇ ಹೊಕ್ಕುಳಬಳ್ಳಿಯ ರಕ್ತ ಬೇಕಾಗುವ ಸಂಭವ 2,500ಕ್ಕೆ ಒಂದರಿಂದ 2 ಲಕ್ಷಕ್ಕೆ ಒಂದು. ಮುಂದೆ ತನಗೇ ಬೇಕಾದೀತೆಂದು ಹೀಗೆ ಶೇಖರಿಸಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಐಸಿಎಂಆರ್ ಕೂಡ ಹೇಳಿದೆ. ಮನೆಯಲ್ಲಿ ಮೊದಲ ಮಗುವಿಗೆ ಥಲಸ್ಸೀಮಿಯಾದಂಥ ಕಾಯಿಲೆ ಇದ್ದರೆ ಮಾತು ಬೇರೆ. ಆಗ ವೈದ್ಯರೇ ಸಲಹೆ ಕೊಡುತ್ತಾರೆ.

ನನ್ನ ಅಳಿಯ ಆ ದುಡ್ಡನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಟ್ಟರು. ಬೇಕಾದಾಗ ವಾಪಸು ಬರುವ ಠೇವಣಿ!

ನಿಜವಾಗಿ ಆಗುತ್ತಿರುವುದು

ಹಾಗಾದರೆ ಆಕರಕೋಶ ಬರೀ ಆಸೆಯೇ? ಖಂಡಿತ ಅಲ್ಲ. 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿ ನಮ್ಮ ದೇಶದ ಮೊದಲ ಅಸ್ಥಿಮಜ್ಜೆ ಕಸಿ ಮಾಡಿದರು. ಪೋಲಿಯೊದಿಂದಾಗಿ ಬಾಲ್ಯದಿಂದಲೇ ಗಾಲಿಕುರ್ಚಿಯಲ್ಲಿ ಓಡಾಡುವ ವೈದ್ಯರು ಅವರು. ಇಂದು ಬೆಂಗಳೂರಿನಲ್ಲೇ ಹಲವು ಆಸ್ಪತ್ರೆಗಳು ಈ ಕಸಿ ಮಾಡುತ್ತವೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಆಕರಕೋಶ ಔಷಧವೊಂದು ಕ್ರಮಬದ್ಧ ಪ್ರಯೋಗಗಳನ್ನು ದಾಟಿ, ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಒಂದು ಕಾಯಿಲೆಗೆ 2016ರಲ್ಲಿ ಔಷಧ ನಿಯಂತ್ರಕರ ಸೀಮಿತ ಅನುಮತಿ ಪಡೆಯಿತು. 2006ರಲ್ಲಿ ಶುರುವಾದ ಕಂಪನಿಗೆ ಅಲ್ಲಿಗೆ ಬರಲು ಹತ್ತು ವರ್ಷ ಹಿಡಿಯಿತು.

ಇನ್ನೊಂದು ಸುದ್ದಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯದು. ಅಲ್ಲಿನ ಆಕರಕೋಶ ಸಂಶೋಧನಾ ಕೇಂದ್ರ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗ. ಕುಸುಮರೋಗ ಎಂದು ಪಠ್ಯಪುಸ್ತಕದಲ್ಲಿ ಬರುವ ಹಿಮೋಫಿಲಿಯಾದ ತೀವ್ರ ರೂಪದಿಂದ ನರಳುತ್ತಿದ್ದ ಐವರ ಆಕರಕೋಶ ತೆಗೆದು, ಅದಕ್ಕೆ ಸರಿಯಾದ ಜೀನ್ ಸೇರಿಸಿ, ಮತ್ತೆ ಅವರಿಗೇ ಕೊಟ್ಟರು. ರಕ್ತಸ್ರಾವ ನಿಂತಿತು. 2024ರ ಡಿಸೆಂಬರಿನಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ನನ್ನ ಮೊಮ್ಮಗಳ ಪ್ರಶ್ನೆಗೆ ಉತ್ತರ ಇಲ್ಲಿದೆ: ಸ್ವಂತ ಕೋಶವನ್ನೇ ಬಳಸಬಹುದು, ಆದರೆ ಮೊದಲು ಅದರ ದೋಷಕ್ಕೆ ಪರಿಹಾರ ಮಾಡಬೇಕು. ಸ್ನಾಯುವಿನ ವಿಷಯದಲ್ಲಿ ಆ ದಿನ ಇನ್ನೂ ಬಂದಿಲ್ಲ.

ನಾವು ಮಾಡಬಹುದಾದದ್ದೂ ಇದೆ. ರಕ್ತದ ಕ್ಯಾನ್ಸರ್ ಇರುವವರಿಗೆ ಹೊಂದುವ ದಾನಿ ಸ್ವಂತ ಅಣ್ಣತಮ್ಮ, ಅಕ್ಕತಂಗಿಯರಲ್ಲೇ ಸಿಗುವ ಸಂಭವ ಒಬ್ಬೊಬ್ಬರಿಗೆ ನಾಲ್ಕರಲ್ಲಿ ಒಂದು. ಉಳಿದವರು ಗುರುತಿಲ್ಲದ ದಾನಿಯನ್ನು ಕಾಯಬೇಕು. ಇಂದಿರಾನಗರಕ್ಕೆ ಹತ್ತಿರದ ಹೊಸ ತಿಪ್ಪಸಂದ್ರದಲ್ಲಿ ರಕ್ತನಿಧಿ ನಡೆಸುವ ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟ್, ಜರ್ಮನಿಯ ಡಿಕೆಎಂಎಸ್ ಜೊತೆ ಸೇರಿ ದಾನಿಗಳ ನೋಂದಣಿಯನ್ನು ಶುರುಮಾಡಿತು. ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿ ಕೊಟ್ಟರೆ ನೋಂದಣಿ ಮುಗಿಯಿತು. ಯಾರಿಗಾದರೂ ಹೊಂದಿದರೆ, ಸಾಮಾನ್ಯವಾಗಿ ತೋಳಿನ ರಕ್ತದಿಂದಲೇ ಕೆಲವು ಗಂಟೆಗಳಲ್ಲಿ ಕೋಶ ತೆಗೆಯುತ್ತಾರೆ. ನನ್ನ ವಯಸ್ಸಿನವರು ಬೇಡ. ಹದಿನೆಂಟು ತುಂಬಿದವರು ಕೊಡಬಹುದು. ಮೊಮ್ಮಗಳು ಮುಂದಿನ ಹುಟ್ಟುಹಬ್ಬಕ್ಕೆ ಕಾಯುತ್ತಿದ್ದಾಳೆ.

ಸಹಿ ಹಾಕುವ ಮೊದಲು

● ಈ ಕಾಯಿಲೆಗೆ ಇದು ಒಪ್ಪಿತ ಚಿಕಿತ್ಸೆಯೋ, ಪ್ರಯೋಗವೋ ಎಂದು ಕೇಳಿ.
● ಪ್ರಯೋಗವಾದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಅದನ್ನು ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು.
● ಪ್ರಯೋಗಕ್ಕೆ ದುಡ್ಡು ಕೇಳಿದರೆ ಅಲ್ಲಿಗೆ ನಿಲ್ಲಿಸಿ.
● ಒಪ್ಪಿಗೆ ಪತ್ರ ನಿಮಗೆ ಬರುವ ಭಾಷೆಯಲ್ಲಿರಲಿ. ಮನೆಗೆ ತಂದು ಓದಿ.
● ಕರಪತ್ರ ಕೊಟ್ಟವರನ್ನು ಬಿಟ್ಟು ಇನ್ನೊಬ್ಬ ತಜ್ಞರನ್ನು ಕಾಣಿ.

ಜಕ್ಕೂರಿನಲ್ಲಿ ವರ್ಷಗಟ್ಟಲೆ ರಕ್ತದ ಹುಟ್ಟನ್ನು ಹುಡುಕಿದ ಇನಾಮದಾರ್, ನಂತರ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್‌ನ ನಿರ್ದೇಶಕರಾದರು. ಶಿವಾಜಿನಗರದಿಂದ ಯಲಹಂಕದ ಬಸ್ಸು ಹತ್ತಿದರೆ ಹೆಬ್ಬಾಳ ದಾಟಿದ ಮೇಲೆ ಜಿಕೆವಿಕೆಯ ಮರಗಳು ಸಿಗುತ್ತವೆ, ಅಲ್ಲಿಂದ ಜಕ್ಕೂರು ದೂರವಿಲ್ಲ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಆ ಕಡೆ ಹೋದರೆ ಕಿಟಕಿಯಿಂದ ತೋರಿಸಿ. ‘ರುಧಿರ’ ಎಂಬ ಹೆಸರು ಜಗತ್ತಿಗೆ ಹೊರಟದ್ದು ಈ ದಾರಿಯಿಂದಲೇ ಎಂದು ಹೇಳಿ.